ಹೃದಯ ವೈಫಲ್ಯ: ಡಿಸ್ಚಾರ್ಜ್ ಆದ ಮೇಲೆ ರೋಗಿ ಯಾರ ಹೊಣೆ?

ಓದುಗರ ಪ್ರಶ್ನೆ – ವೈದ್ಯರ ಉತ್ತರ

2025ರ ಮಧ್ಯಭಾಗದಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾಗುತ್ತಿದ್ದಾಗ, ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತದ್ದನ್ನು ಓದುಗರು ಮರೆತಿರಲಾರರು. ಆ ಗಾಬರಿಯ ದಿನಗಳ ನಂತರ ಹೃದಯದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳು ಹೆಚ್ಚಿವೆ. ಅವುಗಳಲ್ಲಿ ಅನೇಕವು ಹಠಾತ್ ಸಾವಿನ ಭಯದಿಂದ ಬರೆದವಲ್ಲ. ಮನೆಯಲ್ಲೇ ಇದ್ದು, ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋಡಿಕೊಳ್ಳಬೇಕಾದ ಹೃದಯ ವೈಫಲ್ಯದ, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ತಳ್ಳಲಾರದ ಸ್ಥಿತಿಯ, ರೋಗಿಗಳ ಮನೆಯವರು ಬರೆದವು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಅಂಥ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯ ವೈದ್ಯರೇ, ನಮ್ಮ ತಂದೆಯವರಿಗೆ 68 ವರ್ಷ. ನಾಲ್ಕು ವರ್ಷಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದ್ದೆವು. ಈಗ ಪಂಪಿಂಗ್ 30 ಪರ್ಸೆಂಟ್ ಮಾತ್ರ ಇದೆ ಎನ್ನುತ್ತಾರೆ. ಶ್ವಾಸಕೋಶದಲ್ಲಿ ನೀರು ತುಂಬಿತೆಂದು ಮೂರು ತಿಂಗಳೊಳಗೆ ಎರಡು ಸಲ ಹಾಸನದಲ್ಲಿ ಅಡ್ಮಿಟ್ ಮಾಡಿದೆವು. ಐದಾರು ದಿನಗಳಲ್ಲಿ ಚೇತರಿಸಿಕೊಂಡು ಮನೆಗೆ ಬರುತ್ತಾರೆ, ಮತ್ತೆ ಅದೇ ಕಥೆ. ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಾವನವರಿಗೂ ಇದೇ ಕಾಯಿಲೆ. ಅವರನ್ನು ಆಸ್ಪತ್ರೆಯವರು ‘ಹಾರ್ಟ್ ಫೇಲ್ಯೂರ್ ಪ್ರೋಗ್ರಾಂ’ಗೆ ಸೇರಿಸಿಕೊಂಡು, ನರ್ಸ್ ಒಬ್ಬರು ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಾರಂತೆ. ಏನಿದು? ನಮ್ಮ ಕಡೆ ಇಂಥ ವ್ಯವಸ್ಥೆ ಇಲ್ಲದಿದ್ದರೆ ನಾವೇನು ಮಾಡಬೇಕು? (ಆಲೂರು ತಾಲ್ಲೂಕು)

ಉತ್ತರ: ಆ ಕಾರ್ಯಕ್ರಮದಲ್ಲಿ ಬೇರೆ ಯಾವುದೋ ಹೊಸ ಔಷಧಿ ಇರುತ್ತದೆಂದು ಭಾವಿಸಬೇಡಿ. ನಿಮ್ಮ ತಂದೆಯವರ ಚೀಟಿಯಲ್ಲಿರುವ ಮಾತ್ರೆಗಳೇ ಬಹುಮಟ್ಟಿಗೆ ಅಲ್ಲಿಯೂ ಇರುತ್ತವೆ. ವ್ಯತ್ಯಾಸವಿರುವುದು ಡಿಸ್ಚಾರ್ಜ್ ಆದ ಮರುದಿನದಿಂದ ರೋಗಿಯ ಹೊಣೆ ಯಾರದು ಎಂಬ ವಿಷಯದಲ್ಲಿ.

ಹೃದಯದ ಎಡಭಾಗದ ಕೆಳಕೋಣೆಯು ಪ್ರತಿ ಬಡಿತದಲ್ಲಿ ತನ್ನೊಳಗಿನ ರಕ್ತದ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬುದೇ ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ‘ಇ.ಎಫ್.’ ಎಂದು ಬರೆದಿರುವ ಸಂಖ್ಯೆ. ಆರೋಗ್ಯವಂತರಲ್ಲಿ ಇದು ಸುಮಾರು ಶೇ. 55ರಿಂದ 70ರವರೆಗೆ ಇರುತ್ತದೆ. ಶೇ. 40 ಅಥವಾ ಅದಕ್ಕಿಂತ ಕಡಿಮೆಯಾದರೆ ಪಂಪಿಂಗ್ ಕುಗ್ಗಿದೆ ಎನ್ನುತ್ತೇವೆ. ರಕ್ತದ ಪೂರೈಕೆ ಸಾಲದೆಂದು ಮೂತ್ರಪಿಂಡಗಳು ಗ್ರಹಿಸಿದ ಕೂಡಲೇ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳಲು ತೊಡಗುತ್ತವೆ. ಹೀಗೆ ಉಳಿದ ನೀರು ಮೊದಲು ಕಾಲುಗಳಿಗೆ ಇಳಿಯುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನಿಂತು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಆ ನೀರನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಆದರೆ ನೀರನ್ನು ಹಿಡಿದಿಡುವ ದೇಹದ ಆ ಪ್ರವೃತ್ತಿ ಐದಾರು ದಿನಗಳಲ್ಲಿ ನಿಲ್ಲುವುದಿಲ್ಲ. ಅದನ್ನು ತಗ್ಗಿಸುವ ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ರಕ್ತದೊತ್ತಡ ಮತ್ತು ರಕ್ತಪರೀಕ್ಷೆ ನೋಡಿಕೊಂಡು, ವಾರಗಳ ಕಾಲ ಏರಿಸುತ್ತ ಹೋಗಬೇಕು. ನಮ್ಮಲ್ಲಿ ತಪ್ಪಿಹೋಗುವುದು ಈ ಏರಿಸುವ ಕೆಲಸವೇ. ಡಿಸ್ಚಾರ್ಜ್ ದಿನ ಬರೆದುಕೊಟ್ಟ ಸಣ್ಣ ಪ್ರಮಾಣವೇ ಆರು ತಿಂಗಳಾದರೂ ಮುಂದುವರಿಯುತ್ತಿರುತ್ತದೆ.

ಈ ನಿರ್ವಹಣಾ ಕಾರ್ಯಕ್ರಮಗಳಿಗೆ ಗಟ್ಟಿ ಆಧಾರ ದೊರೆತದ್ದು 1995ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 70 ವರ್ಷ ದಾಟಿದ 282 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತರಬೇತಿ ಪಡೆದ ನರ್ಸ್‌ಗಳ ಮುಂದಾಳತ್ವದಲ್ಲಿ ರೋಗದ ತಿಳಿವಳಿಕೆ, ಆಹಾರದ ಸಲಹೆ, ಮಾತ್ರೆಗಳ ಪರಿಶೀಲನೆ, ಡಿಸ್ಚಾರ್ಜ್ ನಂತರದ ಮನೆಭೇಟಿ ಮತ್ತು ಫೋನ್ ವಿಚಾರಣೆ ಇವಿಷ್ಟನ್ನೂ ಒದಗಿಸಿದರು. 90 ದಿನಗಳಲ್ಲಿ ಹೃದಯ ವೈಫಲ್ಯಕ್ಕಾಗಿ ಮತ್ತೆ ಆಸ್ಪತ್ರೆ ಸೇರಿದ ಪ್ರಮಾಣ ಆ ಗುಂಪಿನಲ್ಲಿ ಶೇ. 56ರಷ್ಟು ಇಳಿಯಿತು. 2022ರಲ್ಲಿ ಪ್ರಕಟವಾದ ‘ಸ್ಟ್ರಾಂಗ್ ಎಚ್‌ಎಫ್’ ಎಂಬ ಅಧ್ಯಯನವು 1078 ರೋಗಿಗಳಲ್ಲಿ ಮಾತ್ರೆಗಳ ಪ್ರಮಾಣವನ್ನು ಡಿಸ್ಚಾರ್ಜ್ ಆದ ಎರಡು ವಾರಗಳೊಳಗೇ ಪೂರ್ಣ ಮಟ್ಟಕ್ಕೆ ತರುವ, ಪದೇ ಪದೇ ಕರೆಸಿ ಪರೀಕ್ಷಿಸುವ ಕ್ರಮವನ್ನು ನೋಡಿತು. ಆರು ತಿಂಗಳೊಳಗೆ ಸಾವು ಅಥವಾ ಮರುದಾಖಲಾತಿ ಕಂಡವರು ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 23ರಷ್ಟಿದ್ದರೆ, ಈ ಗುಂಪಿನಲ್ಲಿ ಶೇ. 15ರಷ್ಟಿದ್ದರು. ನಮ್ಮ ನೆರೆಯ ಕೇರಳದಲ್ಲಿ, ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಿಗೆ 2013ರಲ್ಲಿ ದಾಖಲಾದ 1205 ರೋಗಿಗಳ ನೋಂದಣಿಯನ್ನು ಗಮನಿಸಿದರೆ ಇದರ ತುರ್ತು ತಿಳಿಯುತ್ತದೆ. ಅಲ್ಲಿನ ರೋಗಿಗಳ ಸರಾಸರಿ ವಯಸ್ಸು 61 ವರ್ಷ, ಮತ್ತು ಒಂದು ವರ್ಷದೊಳಗೆ ಸುಮಾರು ಶೇ. 31 ಮಂದಿ ತೀರಿಕೊಂಡಿದ್ದರು.

ಈಗ ನಿಮ್ಮ ಮನೆಯ ಮಾತಿಗೆ ಬರೋಣ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಅಥವಾ ಈಗಲೇ ಹೋಗಿ, ಮೊದಲು ಒಂದು ಸಂಖ್ಯೆ ಕೇಳಿ ಬರೆದುಕೊಳ್ಳಿ: ಊತವಿಲ್ಲದೆ, ಉಸಿರಾಟ ಸಲೀಸಾಗಿದ್ದಾಗ ತಂದೆಯವರ ತೂಕ ಎಷ್ಟಿತ್ತು? ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಆಧಾರ. ಬಳಿಕ, ಡಿಸ್ಚಾರ್ಜ್ ಆದ ಒಂದರಿಂದ ಎರಡು ವಾರಗಳೊಳಗೆ ಯಾವ ದಿನ ಯಾರನ್ನು ಕಾಣಬೇಕು, ಯಾವ ಮಾತ್ರೆ ಇನ್ನೂ ಏರಬೇಕಾಗಿದೆ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮತ್ತೆ ಯಾವಾಗ ಎಂಬುದನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ‘ಒಂದು ತಿಂಗಳು ಬಿಟ್ಟು ಬನ್ನಿ’ ಎಂದಷ್ಟೇ ಹೇಳಿದರೆ, ಮೊದಲ ಭೇಟಿಯನ್ನು ಹತ್ತಿರಕ್ಕೆ ಕೊಡಿ ಎಂದು ವಿನಯದಿಂದ ಆದರೂ ಬಿಡದೆ ಕೇಳಿ. ಪ್ರತಿ ಸಲವೂ ಹಾಸನಕ್ಕೇ ಹೋಗಬೇಕೆಂದಿಲ್ಲ. ಆಲೂರಿನ ತಾಲ್ಲೂಕು ಆಸ್ಪತ್ರೆಯಲ್ಲೋ ನಿಮಗೆ ಹತ್ತಿರದ ಯಾವುದೇ ಕ್ಲಿನಿಕ್‌ನಲ್ಲೋ ಒಬ್ಬ ವೈದ್ಯರನ್ನು ಗೊತ್ತುಮಾಡಿಕೊಂಡು, ಹಾಸನದ ವೈದ್ಯರ ಸೂಚನೆಯನ್ನು ಅವರಿಗೆ ತೋರಿಸಿ, ನಡುವಿನ ಭೇಟಿಗಳನ್ನು ಅಲ್ಲಿಯೇ ಮಾಡಬಹುದು. ಮುಖ್ಯವೆಂದರೆ ಅದು ಒಬ್ಬರೇ ಆಗಿರಬೇಕು. ಈ ತಿಂಗಳು ಒಬ್ಬರು, ಮುಂದಿನ ತಿಂಗಳು ಮತ್ತೊಬ್ಬರು ಎಂದಾದರೆ ಪ್ರತಿಯೊಬ್ಬರೂ ಮೊದಲಿನವರ ಚೀಟಿಯನ್ನೇ ನಕಲು ಮಾಡುತ್ತಾರೆ, ಪ್ರಮಾಣ ಏರಿಸುವ ಹೊಣೆಯನ್ನು ಯಾರೂ ಹೊರುವುದಿಲ್ಲ.

ಪ್ರಶ್ನೆ: ನಮ್ಮದು ಕಾಫಿ ತೋಟದ ಒಂಟಿಮನೆ. ಸಕಲೇಶಪುರಕ್ಕೆ ಬರಲು ಗಂಟೆ ಹಿಡಿಯುತ್ತದೆ, ಮಳೆಗಾಲದಲ್ಲಿ ರಸ್ತೆ ನಂಬುವಂತಿಲ್ಲ. ನಮ್ಮ ಯಜಮಾನರಿಗೆ ದಿನಾ ತೂಕ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಎಷ್ಟು ಏರಿದರೆ ಹೊರಡಬೇಕು, ಎಷ್ಟಾದರೆ ಕಾಯಬಹುದು ಎಂಬುದೇ ನನಗೆ ತಿಳಿಯದು. (ಸಕಲೇಶಪುರ ತಾಲ್ಲೂಕು)

ಉತ್ತರ: ನಿಮ್ಮಂಥವರಿಗಾಗಿಯೇ ತೂಕದ ಈ ಕ್ರಮವಿದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಎರಡು ಮೂರು ದಿನಗಳಲ್ಲಿ ಏರಿದ ಎರಡು ಕಿಲೋ ತೂಕ ಊಟದಿಂದ ಬಂದದ್ದಾಗಿರಲು ಸಾಧ್ಯವಿಲ್ಲ, ಅದು ನೀರೇ. ಉಸಿರು ಕಟ್ಟುವ ಮೊದಲೇ, ಅನೇಕ ವೇಳೆ ಹಲವು ದಿನ ಮುಂಚಿತವಾಗಿ, ತಕ್ಕಡಿ ಅದನ್ನು ತೋರಿಸುತ್ತದೆ.

ತಕ್ಕಡಿಯನ್ನು ಚಾಪೆಯ ಮೇಲಾಗಲಿ, ಒರಟು ಕಲ್ಲುಹಾಸಿನ ಮೇಲಾಗಲಿ ಇಡಬೇಡಿ. ಸಿಮೆಂಟು ನೆಲದ ಮಟ್ಟವಾದ ಜಾಗವೊಂದನ್ನು ಗೊತ್ತುಮಾಡಿ ಅಲ್ಲಿಯೇ ಬಿಡಿ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿ ಕುಡಿಯುವ ಮೊದಲು, ಸುಮಾರಾಗಿ ಒಂದೇ ಬಗೆಯ ಬಟ್ಟೆಯಲ್ಲಿ ನಿಲ್ಲಿಸಿ. ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯಿರಿ. ಹಾಲಿನ ಲೆಕ್ಕ, ಆಳುಗಳ ಲೆಕ್ಕ ಬರೆಯುವ ಕ್ಯಾಲೆಂಡರೇ ಆದರೂ ಸರಿ. ಪುಸ್ತಕ ಕಪಾಟು ಸೇರುತ್ತದೆ, ಕ್ಯಾಲೆಂಡರು ಮನೆಯ ಎಲ್ಲರ ಕಣ್ಣಿಗೆ ಬೀಳುತ್ತದೆ.

ಮೂರು ದಿನಗಳೊಳಗೆ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಬೇಕು. ಒಂದೇ ದಿನದಲ್ಲಿ ಒಂದು ಕಿಲೋ ಏರಿದ್ದರೆ ಉಪ್ಪಿನ ಊಟವಾಯಿತೇ, ಮಾತ್ರೆ ತಪ್ಪಿತೇ ಎಂದು ವಿಚಾರಿಸಿ, ಮರುದಿನ ಮತ್ತೆ ನೋಡಿ. ನೀರಿನ ಮಾತ್ರೆಯನ್ನು, ಅಂದರೆ ಫ್ಯುರೊಸೆಮೈಡ್ ಅಥವಾ ಟಾರ್ಸೆಮೈಡನ್ನು, ಇಂಥ ಸಂದರ್ಭದಲ್ಲಿ ಎಷ್ಟು ಹೆಚ್ಚಿಸಬಹುದು, ಎಷ್ಟು ದಿನ ಎಂದು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಂಡಿರಿ. ದೂರದ ತೋಟದಲ್ಲಿರುವವರಿಗೆ ಈ ಬರಹ ಬಹಳ ಬೆಲೆಬಾಳುವಂಥದ್ದು. ತೂಕ ಇಳಿದರೂ ಗಮನ ಕೊಡಿ. ವಾಂತಿ, ಭೇದಿ ಹಿಡಿದು, ಎದ್ದು ನಿಂತರೆ ತಲೆ ತಿರುಗುವಂತಿದ್ದರೆ ನೀರಿನ ಮಾತ್ರೆಯನ್ನೂ ಕೆಲವು ಇತರ ಮಾತ್ರೆಗಳನ್ನೂ ತಾತ್ಕಾಲಿಕವಾಗಿ ತಡೆಯಬೇಕಾಗಬಹುದು. ಅದನ್ನೂ ಫೋನಿನಲ್ಲಿ ಕೇಳಿಯೇ ಮಾಡಿ.

ಕಾಯಬಾರದ ಲಕ್ಷಣಗಳು ಬೇರೆ. ಕುಳಿತಲ್ಲೇ ಏದುಸಿರು, ರಾತ್ರಿ ಉಸಿರು ಸಿಗದೆ ಎದ್ದು ಕೂರುವುದು, ನೊರೆ ನೊರೆಯಾದ ಕಫ, ಎದೆನೋವು, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ತೂಕ ನೋಡುತ್ತ ಕೂರದೆ 108ಕ್ಕೆ ಕರೆ ಮಾಡಿ. ಒಂದು ದಿಂಬು ಸಾಕಾಗುತ್ತಿದ್ದವರು ಮೂರು ದಿಂಬು ಕೇಳತೊಡಗಿದರೆ ಮರುದಿನ ಬೆಳಿಗ್ಗೆಯೇ ಹೊರಡಿ. ಮಳೆಗಾಲ ಬಲಿಯುವ ಮುನ್ನ ಒಂದು ತಿಂಗಳಿಗಾಗುವಷ್ಟು ಮಾತ್ರೆ ಮನೆಯಲ್ಲಿರಲಿ.

ಪ್ರಶ್ನೆ: ನನಗೆ 54 ವರ್ಷ, ಪಂಪಿಂಗ್ 35 ಇದೆ. ನಾಲ್ಕು ಬಗೆಯ ಮಾತ್ರೆ ಕೊಟ್ಟಿದ್ದಾರೆ. ಈಗ ಚೆನ್ನಾಗಿದ್ದೇನೆ, ತೆಂಗಿನ ತೋಟದಲ್ಲಿ ಓಡಾಡುತ್ತೇನೆ. ಬಿ.ಪಿ. 100/70 ಇದೆ. ಮೆಡಿಕಲ್ ಸ್ಟೋರಿನವರು ‘ಬಿ.ಪಿ. ಕಮ್ಮಿ ಇದೆ, ಈ ಬಿ.ಪಿ. ಮಾತ್ರೆ ಬಿಡಿ’ ಎನ್ನುತ್ತಾರೆ. ನನಗೆ ಶುಗರ್ ಇಲ್ಲದಿದ್ದರೂ ಶುಗರ್ ಮಾತ್ರೆ ಬರೆದಿದ್ದಾರೆ. ಖರ್ಚೂ ಹೆಚ್ಚು. ಕೆಲವನ್ನು ನಿಲ್ಲಿಸಬಹುದೇ? (ಅರಸೀಕೆರೆ)

ಉತ್ತರ: ದಯವಿಟ್ಟು ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ನೀವು ಚೆನ್ನಾಗಿರುವುದಕ್ಕೆ ಆ ನಾಲ್ಕು ಮಾತ್ರೆಗಳು ಕಾರಣ.

ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟಾನ್ ಅಥವಾ ಎನಲಾಪ್ರಿಲ್, ರಾಮಿಪ್ರಿಲ್‌ನಂಥದ್ದು ಒಂದು. ಬೈಸೊಪ್ರೊಲಾಲ್, ಕಾರ್ವೆಡಿಲಾಲ್ ಅಥವಾ ಮೆಟೊಪ್ರೊಲಾಲ್ ಇನ್ನೊಂದು. ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್ ಮೂರನೆಯದು. ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ನಾಲ್ಕನೆಯದು. ಪಂಪಿಂಗ್ ಕುಗ್ಗಿದವರಿಗೆ ಇಂದು ಇವು ನಾಲ್ಕೂ ಸೇರಿಯೇ ಚಿಕಿತ್ಸೆ. ಇವುಗಳಲ್ಲಿ ಕೆಲವನ್ನು ಬಿ.ಪಿ. ಇಳಿಸಲೂ ಬಳಸುತ್ತೇವೆ ನಿಜ. ನಿಮಗೆ ಕೊಟ್ಟಿರುವುದು ಹೃದಯದ ಮೇಲಿನ ಹೊರೆ ಇಳಿಸಲು, ಅದರ ಗೋಡೆಗಳು ಇನ್ನಷ್ಟು ಹಿಗ್ಗದಂತೆ ತಡೆಯಲು. ತಲೆಸುತ್ತು, ಕಣ್ಣು ಕತ್ತಲೆ ಬರುವುದು ಇಲ್ಲದಿದ್ದರೆ ಮೇಲಿನ ಸಂಖ್ಯೆ 100 ಇರುವುದು ನಿಮ್ಮಂಥ ರೋಗಿಗೆ ಚಿಂತೆಯ ವಿಷಯವಲ್ಲ. ‘ಶುಗರ್ ಮಾತ್ರೆ’ ಎಂದು ನೀವು ಬರೆದಿರುವ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ಉಪಯುಕ್ತವೆಂದು 2019ರ ದೊಡ್ಡ ಅಧ್ಯಯನದಲ್ಲಿ ಸಾಬೀತಾಗಿದೆ. ಅದನ್ನು ನುಂಗುವವರು ಗುಪ್ತಾಂಗದ ಶುಚಿತ್ವಕ್ಕೆ ಗಮನ ಕೊಡಬೇಕು, ಇಡೀ ದಿನದ ಉಪವಾಸ ಅಥವಾ ಶಸ್ತ್ರಚಿಕಿತ್ಸೆ ಇದ್ದಾಗ ವೈದ್ಯರಿಗೆ ಮೊದಲೇ ತಿಳಿಸಬೇಕು. ಸ್ಪೈರೊನೊಲ್ಯಾಕ್ಟೋನ್ ನುಂಗುವವರು ಪೊಟ್ಯಾಸಿಯಂ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ.

ಖರ್ಚಿನ ಮಾತು ನ್ಯಾಯವಾದದ್ದು. ಅದನ್ನು ವೈದ್ಯರ ಮುಂದೆ ಹೇಳಿಕೊಳ್ಳಲು ಸಂಕೋಚ ಪಡಬೇಡಿ. ಡಾಪಾಗ್ಲಿಫ್ಲೋಜಿನ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್ 2025ರಲ್ಲಿ ನಮ್ಮ ದೇಶದಲ್ಲಿ ಪೇಟೆಂಟ್‌ನಿಂದ ಹೊರಬಂದವು. ಆಮೇಲೆ ಅವುಗಳ ಬೆಲೆ ಬಹಳ ಇಳಿದಿದೆ. ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಸ್ಯಾಕ್ಯುಬಿಟ್ರಿಲ್ ಭಾರವಾದರೆ ಎನಲಾಪ್ರಿಲ್ ಕೆಲವೇ ರೂಪಾಯಿಗೆ ಸಿಗುತ್ತದೆ, ಹೃದಯಕ್ಕೆ ಅದೂ ಒಳ್ಳೆಯ ಮಾತ್ರೆ. ಆದರೆ ಈ ಅದಲುಬದಲನ್ನು ವೈದ್ಯರೇ ಮಾಡಬೇಕು. ಎರಡರ ನಡುವೆ 36 ಗಂಟೆಗಳ ಅಂತರ ಇಲ್ಲದಿದ್ದರೆ ಮುಖ, ಗಂಟಲು ಊದಿಕೊಂಡು ಅಪಾಯವಾಗಬಹುದು.

ಪ್ರಶ್ನೆ: ಅತ್ತೆಯವರಿಗೆ ಉಪ್ಪು ಪೂರ್ತಿ ಬಿಡಿಸಿದ್ದೇವೆ. ಸಪ್ಪೆ ಊಟ ಸೇರದೆ ಅವರು ತುಂಬ ಸೊರಗಿದ್ದಾರೆ. ಸ್ವಲ್ಪವೂ ಕೊಡಬಾರದೇ? (ಕೊಪ್ಪ)

ಉತ್ತರ: ಕೊಡಬೇಕು. ಉಪ್ಪನ್ನು ಅತಿ ಕಠಿಣವಾಗಿ ಇಳಿಸಿದ್ದರಿಂದ ಆಸ್ಪತ್ರೆ ಸೇರುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ಪ್ರಕಟವಾದ, 806 ರೋಗಿಗಳ ಅಧ್ಯಯನ ತಿಳಿಸಿತು. ವಯಸ್ಸಾದವರು ಊಟವನ್ನೇ ಬಿಟ್ಟು ಸೊರಗುವುದು ಈ ರೋಗದಲ್ಲಿ ತುಂಬ ಕೆಟ್ಟದ್ದು. ದಿನಕ್ಕೆ ಎಲ್ಲ ಸೇರಿ ಒಂದು ಚಹಾ ಚಮಚ, ಅಂದರೆ ಸುಮಾರು 5 ಗ್ರಾಂ ಉಪ್ಪಿನೊಳಗೆ ಇದ್ದರೆ ಸಾಕು. ಇದು ಮನೆಯ ಎಲ್ಲರಿಗೂ ಹೇಳುವ ಮಿತಿಯೇ ಆದ್ದರಿಂದ ಅತ್ತೆಯವರಿಗೆ ಬೇರೆ ಅಡಿಗೆ ಮಾಡುವ ಅಗತ್ಯವಿಲ್ಲ. ಐದು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪ್ಯಾಕೆಟ್ 40 ದಿನ ಬರಬೇಕು. ಅದಕ್ಕೆ ಮುಂಚೆಯೇ ಮುಗಿಯುತ್ತಿದ್ದರೆ ಇಡೀ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರ್ಥ.

ಮಲೆನಾಡಿನ ಅಡಿಗೆಮನೆಯಲ್ಲಿ ಸಾರಿನ ಉಪ್ಪಿಗಿಂತ ಜಾಡಿಯ ಉಪ್ಪು ದೊಡ್ಡದು. ಅಪ್ಪೆಮಿಡಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಹಾಕಿಟ್ಟ ಕಳಲೆ, ಉಪ್ಪಿಗೆ ಹಾಕಿದ ಹಲಸಿನ ತೊಳೆ, ಬಾಳಕದ ಮೆಣಸು, ಹಪ್ಪಳ, ಸಂಡಿಗೆ, ಒಣಮೀನು ಇವೆಲ್ಲ ಮಳೆಗಾಲದ ಊಟದ ಜೀವಾಳ, ಹೃದಯ ವೈಫಲ್ಯದವರು ಮಳೆಗಾಲದಲ್ಲಿ ಊದಿಕೊಳ್ಳುವುದಕ್ಕೂ ಇವು ಕಾರಣವಾಗಬಲ್ಲವು. ಇವನ್ನು ದೂರವಿಟ್ಟು, ಸಾರಿಗೆ ಹದವಾಗಿ ಉಪ್ಪು ಹಾಕಿ, ಹುಳಿಗೆ ನಿಂಬೆ, ವಾಟೆಹುಳಿ, ಖಾರಕ್ಕೆ ಕಾಳುಮೆಣಸು, ಜೀರಿಗೆ ಬಳಸಿ. ಅಂಗಡಿಯಲ್ಲಿ ‘ಲೋ ಸೋಡಿಯಂ’ ಎಂದು ಮಾರುವ ಉಪ್ಪನ್ನು ಮಾತ್ರ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಮೇಲೆ ಹೇಳಿದ ಮಾತ್ರೆಗಳ ಜೊತೆ ಸೇರಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ನೀರನ್ನು ಅಳೆದು ಕುಡಿಸುವ ಕಟ್ಟುನಿಟ್ಟು ಎಲ್ಲರಿಗೂ ಬೇಕಿಲ್ಲ. ಊತ ಹೆಚ್ಚಿರುವವರಿಗೆ ವೈದ್ಯರು ಹೇಳಿದಷ್ಟು ದಿನ ಪಾಲಿಸಿದರೆ ಸಾಕು.

ಪ್ರಶ್ನೆ: ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತೇನೆ. ಹಾರ್ಟ್ ವೀಕ್ ಇರುವವರು ನಡೆಯಬಾರದು ಎನ್ನುತ್ತಾರೆ, ನಿಜವೇ? (ಚಿಕ್ಕಮಗಳೂರು)

ಉತ್ತರ: ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳನ್ನು ಇಂದೇ ನಿಲ್ಲಿಸಿ. ಅವು ಮೂತ್ರಪಿಂಡದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು, ನೀರಿನ ಮಾತ್ರೆಯ ಕೆಲಸವನ್ನೇ ಕೆಡಿಸುತ್ತವೆ. ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ಬಳಸಬಹುದು. ನಡೆಯಬಾರದೆಂಬುದು ಹಳೆಯ ಕಾಲದ ಸಲಹೆ. ಊತವಿಲ್ಲದೆ ಸ್ಥಿರವಾಗಿರುವವರು ಮಾತನಾಡುತ್ತ ನಡೆಯಬಹುದಾದಷ್ಟು ವೇಗದಲ್ಲಿ, ಮೊದಲು ಮಟ್ಟವಾದ ದಾರಿಯಲ್ಲಿ ಹತ್ತು ನಿಮಿಷ, ಬರಬರುತ್ತ ಅರ್ಧ ಗಂಟೆ ನಡೆಯಬೇಕು. ಊಟವಾದ ಕೂಡಲೇ ದಿಬ್ಬ ಹತ್ತುವುದು ಬೇಡ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ, ನ್ಯುಮೋನಿಯಾ ಲಸಿಕೆಯನ್ನೂ ಹಾಕಿಸಿಕೊಳ್ಳುವ ಬಗ್ಗೆ ವಿಚಾರಿಸಿ.

ಪ್ರಶ್ನೆ: ನನ್ನ ತಾಯಿಗೆ 84 ವರ್ಷ. ಹೃದಯದ ಜೊತೆ ಕಿಡ್ನಿಯೂ ಕೆಟ್ಟಿದೆ. ‘ಇನ್ನು ನನ್ನನ್ನು ಐ.ಸಿ.ಯು.ಗೆ ಸೇರಿಸಬೇಡಿ’ ಎಂದು ಹೇಳುತ್ತಿದ್ದಾರೆ. ಅವರ ಮಾತು ಕೇಳಿದರೆ ನಾವು ಅವರನ್ನು ಕೈಬಿಟ್ಟಂತೆ ಆಗುವುದಿಲ್ಲವೇ? (ಬೇಲೂರು)

ಉತ್ತರ: ಆಗುವುದಿಲ್ಲ, ಅಮ್ಮ. ಅವರು ಪೂರ್ಣ ಎಚ್ಚರದಲ್ಲಿದ್ದು ಹೇಳುತ್ತಿರುವ ಈ ಮಾತನ್ನು ನಿಮ್ಮ ಅಣ್ಣ, ತಮ್ಮಂದಿರೆಲ್ಲ ಕೂಡಿ ಕುಳಿತು, ವೈದ್ಯರ ಎದುರಿನಲ್ಲಿ ಕೇಳಿಸಿಕೊಳ್ಳಿ. ಐ.ಸಿ.ಯು. ಬೇಡವೆಂದರೆ ಚಿಕಿತ್ಸೆಯೇ ಬೇಡವೆಂದಲ್ಲ. ಊತ ಇಳಿಸುವ ಮಾತ್ರೆ ಮುಂದುವರಿಯಬೇಕು, ಏದುಸಿರಿನ ಸಂಕಟವನ್ನು ತಗ್ಗಿಸಲು ಸಣ್ಣ ಪ್ರಮಾಣದ ಮಾರ್ಫಿನ್‌ನಂಥ ಔಷಧಿಗಳಿವೆ, ಹಾಸಿಗೆಯ ತಲೆಭಾಗ ಎತ್ತರಿಸುವುದು, ಮುಖಕ್ಕೆ ಗಾಳಿ ಬೀಸುವ ಫ್ಯಾನ್ ಇಡುವುದು ಸಹ ನಿಜಕ್ಕೂ ನೆಮ್ಮದಿ ಕೊಡುತ್ತವೆ. ಈ ಉಪಶಾಮಕ ಆರೈಕೆಯನ್ನು ಕೊನೆಯ ವಾರದವರೆಗೆ ಕಾಯದೆ ಈಗಲೇ ಕೇಳಿ. ನಮ್ಮಲ್ಲಿ ಇದನ್ನು ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಎಂದು ಭಾವಿಸಿರುವುದು ನನಗೆ ಬಹಳ ನೋವಿನ ವಿಷಯ. ರೋಗಿಯು ತನ್ನ ಇಚ್ಛೆಯನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯ ಎನ್.ಸಿ.ಡಿ. (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ಶುಶ್ರೂಷಾಧಿಕಾರಿ. ಬಿ.ಪಿ., ಶುಗರ್ ರೋಗಿಗಳ ನಡುವೆ ಹೃದಯ ವೈಫಲ್ಯದವರೂ ಬರುತ್ತಾರೆ. ಇವರಿಗಾಗಿ ಬೇರೆಯಾಗಿ ಏನಾದರೂ ಮಾಡಬೇಕೆಂದು ನನಗೂ ನಮ್ಮ ವೈದ್ಯರಿಗೂ ಆಸೆ. ಹಣವಿಲ್ಲ, ಹೊಸ ಸಿಬ್ಬಂದಿ ಇಲ್ಲ. ಎಲ್ಲರಿಗೂ ಬಿ.ಪಿ. ಯಂತ್ರ, ಮೊಬೈಲ್ ಆ್ಯಪ್ ಕೊಡಿಸಲು ದಾನಿಯೊಬ್ಬರು ಸಿದ್ಧರಿದ್ದಾರೆ. ಎಲ್ಲಿಂದ ಶುರು ಮಾಡಲಿ? (ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಸಿಸ್ಟರ್, ಈ ಪತ್ರ ಓದಿ ನನಗೆ ಆದ ಸಂತೋಷ ಸಣ್ಣದಲ್ಲ. ಆದರೆ ಆ್ಯಪ್‌ನಿಂದ ಶುರು ಮಾಡಬೇಡಿ. ಅಮೆರಿಕದಲ್ಲಿ 1653 ರೋಗಿಗಳಿಂದ ಫೋನ್ ಮೂಲಕ ತೂಕ ಮತ್ತು ಲಕ್ಷಣಗಳನ್ನು ದಿನವೂ ಸಂಗ್ರಹಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮರುದಾಖಲಾತಿಯಾಗಲಿ ಸಾವಾಗಲಿ ಅದರಿಂದ ಕಡಿಮೆಯಾಗಲಿಲ್ಲ. 2018ರಲ್ಲಿ ಜರ್ಮನಿಯಲ್ಲಿ ಇಂಥದೇ ದೂರ ನಿಗಾ ವ್ಯವಸ್ಥೆ ಫಲ ಕೊಟ್ಟಿತು. ಅಲ್ಲಿ ಬಂದ ಮಾಹಿತಿಯನ್ನು ಹಗಲೂ ರಾತ್ರಿ ನೋಡಿ ಚಿಕಿತ್ಸೆ ಬದಲಿಸಲು ವೈದ್ಯರು, ನರ್ಸ್‌ಗಳು ಇದ್ದರು. ಬರೀ ಬುದ್ಧಿಮಾತಿಗೂ ಇದೇ ಗತಿ. 2008ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 1023 ರೋಗಿಗಳಿಗೆ ನರ್ಸ್‌ಗಳು ಕೊಟ್ಟ ಹೆಚ್ಚುವರಿ ತಿಳಿವಳಿಕೆ ಮತ್ತು ಆಪ್ತಸಲಹೆ, ಹೃದ್ರೋಗ ತಜ್ಞರ ಮಾಮೂಲಿ ಭೇಟಿಗಿಂತ ಗಮನಾರ್ಹವಾಗಿ ಹೆಚ್ಚಿನ ಫಲ ಕೊಡಲಿಲ್ಲ. ಬರೆದ ಸಂಖ್ಯೆಯನ್ನು ಯಾರೋ ಒಬ್ಬರು ನೋಡಬೇಕು, ನೋಡಿದವರಿಗೆ ಮಾತ್ರೆಯನ್ನು ಬದಲಿಸುವ ಅಧಿಕಾರವಿರಬೇಕು ಅಥವಾ ಬದಲಿಸುವವರು ಪಕ್ಕದಲ್ಲೇ ಇರಬೇಕು. ಆದ್ದರಿಂದ ದಾನಿಗಳಿಂದ ತೂಕದ ತಕ್ಕಡಿಗಳನ್ನೂ, ಕ್ರಿಯಾಟಿನಿನ್–ಪೊಟ್ಯಾಸಿಯಂ ಪರೀಕ್ಷೆ ನಿಮ್ಮಲ್ಲಿಯೇ ಆಗುವ ಏರ್ಪಾಡನ್ನೂ ಕೇಳಿ.

ಒಂದು ರಿಜಿಸ್ಟರ್ ಮಾಡಿ. ಹೆಸರು, ಇ.ಎಫ್., ಊತವಿಲ್ಲದಾಗಿನ ತೂಕ, ನಾಲ್ಕೂ ಬಗೆಯ ಮಾತ್ರೆಗಳಲ್ಲಿ ಯಾವುದು ಇದೆ, ಎಷ್ಟು ಪ್ರಮಾಣ, ಕೊನೆಯ ಪೊಟ್ಯಾಸಿಯಂ ಎಷ್ಟು, ಮನೆಯಲ್ಲಿ ಮಾತ್ರೆ ಕೊಡುವವರು ಯಾರು ಮತ್ತು ಅವರ ಫೋನ್ ನಂಬರ್ ಏನು ಎಂಬುದು ಒಂದೇ ಸಾಲಿನಲ್ಲಿರಲಿ. ಖಾಲಿ ಉಳಿದ ಕಲಂ ಕಣ್ಣಿಗೆ ಹೊಡೆಯಬೇಕು. ಮೊದಲ ತಿಂಗಳು ಇಪ್ಪತ್ತು ರೋಗಿಗಳಷ್ಟೇ ಸಾಕು. ಜಿಲ್ಲಾಸ್ಪತ್ರೆಯಿಂದ ನಿಮ್ಮ ತಾಲ್ಲೂಕಿಗೆ ಡಿಸ್ಚಾರ್ಜ್ ಆದವರ ಮಾಹಿತಿ ವಾರಕ್ಕೊಮ್ಮೆ ನಿಮಗೆ ಬರುವಂತೆ ಅಲ್ಲಿನ ವಾರ್ಡಿನ ಸಿಸ್ಟರ್ ಜೊತೆ ಮಾತನಾಡಿ. ಡಿಸ್ಚಾರ್ಜ್ ಆದ ಮೂರನೆಯ ದಿನ ಫೋನ್ ಮಾಡಿ. ಆಗ ‘ಹೇಗಿದ್ದೀರಿ’ ಎಂದು ಕೇಳಿದರೆ ‘ಚೆನ್ನಾಗಿದ್ದೇನೆ’ ಎಂಬ ಉತ್ತರವೇ ಬರುತ್ತದೆ. ನಿನ್ನೆ ರಾತ್ರಿ ಎಷ್ಟು ದಿಂಬು ಇಟ್ಟುಕೊಂಡರು, ಇವತ್ತಿನ ತೂಕ ಎಷ್ಟು, ಎಲ್ಲ ಮಾತ್ರೆ ಅಂಗಡಿಯಲ್ಲಿ ಸಿಕ್ಕಿತೇ, ಚಪ್ಪಲಿ ಬಿಗಿಯಾಗುತ್ತಿದೆಯೇ ಎಂದು ಕೇಳಿ. ಮಾತ್ರೆ ಪಟ್ಟಿಯನ್ನು ಓದಿಸಬೇಡಿ. ಮಾತ್ರೆಯ ಸ್ಟ್ರಿಪ್‌ಗಳನ್ನೇ ಕೈಗೆತ್ತಿಕೊಂಡು ಹೆಸರು ಓದಲು ಮನೆಯವರಿಗೆ ಹೇಳಿ. ಚೀಟಿಯಲ್ಲಿರುವುದಕ್ಕೂ ಡಬ್ಬಿಯಲ್ಲಿರುವುದಕ್ಕೂ ಇರುವ ಅಂತರ ಆಗ ತಿಳಿಯುತ್ತದೆ.

ಏಳರಿಂದ ಹದಿನಾಲ್ಕನೆಯ ದಿನದೊಳಗೆ ನಿಮ್ಮ ವೈದ್ಯರು ನೋಡಬೇಕು. ಆಮೇಲೆ ಎರಡು ವಾರಕ್ಕೊಮ್ಮೆ ಒಂದು ಮಾತ್ರೆಯನ್ನು ಒಂದು ಮೆಟ್ಟಿಲು ಏರಿಸುವ ಕ್ರಮವನ್ನು ಅವರು ಬರೆದು ಸಹಿ ಮಾಡಿಕೊಡಲಿ. ನಾಡಿಮಿಡಿತ 50ಕ್ಕಿಂತ ಕಡಿಮೆ, ಬಿ.ಪಿ.ಯ ಮೇಲಿನ ಸಂಖ್ಯೆ 90ಕ್ಕಿಂತ ಕಡಿಮೆ, ಪೊಟ್ಯಾಸಿಯಂ 5.5ಕ್ಕಿಂತ ಹೆಚ್ಚು, ಹೊಸ ಊತ, ಇವುಗಳಲ್ಲಿ ಯಾವುದಿದ್ದರೂ ಏರಿಸದೆ ವೈದ್ಯರಿಗೆ ತೋರಿಸಬೇಕೆಂದು ಅದರಲ್ಲೇ ಇರಲಿ. ಕಠಿಣವೆನಿಸಿದವರ ಬಗ್ಗೆ ಸರ್ಕಾರದ ದೂರವೈದ್ಯಕೀಯ ಸೇವೆಯಾದ ಇ-ಸಂಜೀವಿನಿಯ ಮೂಲಕ ತಜ್ಞರನ್ನು ಕೇಳಬಹುದು. ಹಿಮೋಗ್ಲೋಬಿನ್ ಜೊತೆ, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ ನೋಡಿ. ಕಬ್ಬಿಣದ ಕೊರತೆ ಈ ರೋಗಿಗಳಲ್ಲಿ ಬಹಳ ಸಾಮಾನ್ಯ, ಮತ್ತು ಇವರಿಗೆ ಮಾತ್ರೆಗಿಂತ ರಕ್ತನಾಳದ ಮೂಲಕ ಕೊಡುವ ಕಬ್ಬಿಣವೇ ಫಲಕಾರಿ.

ಕ್ಲಿನಿಕ್‌ಗೆ ನಿಮ್ಮ ಊರಿನ ಸಂತೆಯ ದಿನವನ್ನು ಆರಿಸಿಕೊಳ್ಳಿ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು ಕೂಲಿ ಬಿಟ್ಟು ಬೇರೆ ದಿನ ಬರಲಾರರು, ಸಂತೆಗೆ ಹೇಗಿದ್ದರೂ ಬರುತ್ತಾರೆ. ಬಂದವರನ್ನು ನೋಡಿ ಮುಗಿಸಿದ ಮೇಲೆ, ಅಂದು ಬರಬೇಕಾಗಿದ್ದು ಬಾರದವರ ಪಟ್ಟಿ ತೆಗೆದು, ಸಂಜೆಯೊಳಗೆ ಅವರಿಗೆ ಅಥವಾ ಅವರ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಕುಗ್ಗಿ ಹಾಸಿಗೆ ಹಿಡಿದವರು ಬಹುಮಟ್ಟಿಗೆ ಆ ಪಟ್ಟಿಯಲ್ಲೇ ಇರುತ್ತಾರೆ. ನಿಮ್ಮ ಕ್ಲಿನಿಕ್ ಆರು ತಿಂಗಳು ನಡೆದ ಮೇಲೆ ರಿಜಿಸ್ಟರಿನಲ್ಲಿ ಎಷ್ಟು ಮಂದಿಗೆ ನಾಲ್ಕೂ ಮಾತ್ರೆಗಳು ಸಿಕ್ಕಿವೆ, ಎಷ್ಟು ಮಂದಿ ಮತ್ತೆ ಅಡ್ಮಿಟ್ ಆದರು ಎಂದು ಎಣಿಸಿ ಈ ಅಂಕಣಕ್ಕೆ ಬರೆಯಿರಿ. ಪಕ್ಕದ ತಾಲ್ಲೂಕುಗಳ ನಿಮ್ಮ ಸಹೋದ್ಯೋಗಿಗಳಿಗೆ ಉಪಯೋಗವಾಗುವಂತೆ ಅದನ್ನು ಪ್ರಕಟಿಸುತ್ತೇವೆ.